ಮೊದಲು ಕೂಗುವುದು ಒಳಪದರ
ನಿನ್ನೆ ಪುಸ್ತಕದ ಕಪಾಟಿನ ಧೂಳು ಒರೆಸಿದ್ದೇ ತಡ, ಸೀನು ಶುರುವಾಯಿತು. ಇವತ್ತೂ ಮೂಗು ಕಟ್ಟಿಕೊಂಡೇ ಇದೆ.

ಅಲರ್ಜಿ ಅಂದರೆ ಐಜಿಇ (ಅಲರ್ಜಿಯ ಪ್ರತಿಕಾಯ), ಹಿಸ್ಟಮಿನ್ (ಸೀನು, ತುರಿಕೆ ತರುವ ರಾಸಾಯನಿಕ) ಅಷ್ಟೇ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆದರೆ ಮೂಗು, ಶ್ವಾಸನಾಳದ ಒಳಪದರದ ಜೀವಕೋಶಗಳು ಸುಮ್ನೆ ಗೋಡೆಯಂತೆ ನಿಂತಿರುವುದಿಲ್ಲ. ಧೂಳಿನ ನುಸಿಯ ಕಿಣ್ವಗಳು ಆ ಕೋಶಗಳ ನಡುವಿನ ಬೆಸುಗೆಯನ್ನೇ ಸಡಿಲಿಸುತ್ತವೆ. ಆಗ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-25, ಐಎಲ್-33 ಎಂಬ ಸೈಟೋಕೈನ್‌ಗಳನ್ನು, ಅಂದರೆ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನ್‌ಗಳನ್ನು, ಹೊರಬಿಡುತ್ತವೆ. ನನಗೆ ಜಾಸ್ತಿ ಹಿಡಿಸಿದ್ದು ಐಎಲ್-33. ಅದು ಮೊದಲೇ ತಯಾರಾಗಿ ಕೋಶದ ನ್ಯೂಕ್ಲಿಯಸ್‌ನಲ್ಲಿ ಕಾದಿರುತ್ತದೆ. ಕೋಶಕ್ಕೆ ಪೆಟ್ಟು ಬಿದ್ದರೆ ಹೊರಗೆ ಬರುತ್ತದೆ. ಗಾಯವೇ ಗಂಟೆ ಬಾರಿಸಿದ ಹಾಗೆ, ಅಲ್ವಾ?

ಆ ಕೂಗಿಗೆ ಐಎಲ್‌ಸಿ2 ಎಂಬ ರೋಗನಿರೋಧಕ ಕೋಶಗಳು ಎದ್ದು ಐಎಲ್-5, ಐಎಲ್-13 ಎಂಬ ಇನ್ನೆರಡು ಸೈಟೋಕೈನ್‌ಗಳನ್ನು ಸುರಿಸುತ್ತವೆ. ಮೊದಲನೆಯದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತದೆ, ಎರಡನೆಯದು ಲೋಳೆಯನ್ನು. ಟಿಎಸ್‌ಎಲ್‌ಪಿ ಹೊರಗಿನ ವಸ್ತುಗಳ ಗುರುತು ಹಿಡಿದು ತೋರಿಸುವ ಡೆಂಡ್ರಿಟಿಕ್ ಕೋಶಗಳ ಮೂಲಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನೂ ಅದೇ ದಾರಿಗೆ ಎಳೆಯುತ್ತದೆ.

ಟಿಎಸ್‌ಎಲ್‌ಪಿಯನ್ನೇ ತಡೆಯುವ ಟೆಜೆಪೆಲುಮ್ಯಾಬ್ ಔಷಧಿಗೆ 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ತೀವ್ರ ಅಸ್ತಮಾ ಇರುವವರಿಗೆ. ಉಸಿರಿಗಾಗಿ ಒದ್ದಾಡುವವರನ್ನು ಹತ್ತಿರದಿಂದ ನೋಡಿದ್ದೇನೆ. ಬೆಂಕಿ ಹೊತ್ತುವ ಜಾಗದಲ್ಲೇ ತಡೆಯುವ ಈ ಯೋಚನೆ ನನಗೆ ನಿಜಕ್ಕೂ ಸಮಾಧಾನ ಕೊಟ್ಟಿತು.