ಕಾರೊಳಗಿನ ಕ್ಯಾಮೆರಾ ಕಂಡದ್ದು ಕಾರಲ್ಲೇ ಇರಲಿ

14 ಡಿಸೆಂಬರ್ 2025, ಭಾನುವಾರ
ಬೆಂಗಳೂರು

ತಮ್ಮನ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ, ಸ್ಟಿಯರಿಂಗ್ ಹಿಂದೆ, ಶರ್ಟಿನ ಗುಂಡಿಯಷ್ಟು ಅಗಲದ ಒಂದು ಕಪ್ಪು ಗಾಜು ಇದೆ. ಓಡಿಸುವವರ ಮುಖ ನೋಡುವ ಕ್ಯಾಮೆರಾ ಅದು. ಅದರ ಅಕ್ಕಪಕ್ಕ ಎರಡು ಚಿಕ್ಕ ದೀಪ. ಬರಿಗಣ್ಣಿಗೆ ಅವು ಆರಿದ ಹಾಗೇ ಕಾಣುತ್ತವೆ. ಸಂಜೆ ಕಾರು ನಿಲ್ಲಿಸಿದ ಮೇಲೆ ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅದರ ಮುಂದೆ ಹಿಡಿದೆ. ಎರಡೂ ನೇರಳೆ ಬಣ್ಣದಲ್ಲಿ ಮಿನುಗುತ್ತಿದ್ದವು. ಅಂದರೆ ನಾನು ಓಡಿಸಿದಷ್ಟು ಹೊತ್ತೂ ಆ ಬೆಳಕು ನನ್ನ ಮುಖದ ಮೇಲೆ ಬೀಳುತ್ತಲೇ ಇತ್ತು.

ಅದು ಇನ್‌ಫ್ರಾರೆಡ್ ಬೆಳಕು. ಕತ್ತಲಲ್ಲೂ ಓಡಿಸುವವರ ಕಣ್ಣು ಕ್ಯಾಮೆರಾಗೆ ಕಾಣಬೇಕು, ಕೂಲಿಂಗ್ ಗ್ಲಾಸ್ ಹಾಕಿದರೂ ಆದಷ್ಟು ಕಾಣಬೇಕು, ಅದಕ್ಕೆ. ರೆಪ್ಪೆ ಎಷ್ಟು ಮುಚ್ಚಿದೆ, ಎಷ್ಟು ಹೊತ್ತು ಮುಚ್ಚಿದೆ, ತಲೆ ಯಾವ ಕಡೆ ತಿರುಗಿದೆ, ನೋಟ ರಸ್ತೆ ಮೇಲಿದೆಯೋ ತೊಡೆ ಮೇಲಿನ ಫೋನಿನಲ್ಲಿದೆಯೋ, ಇಷ್ಟನ್ನೂ ಕ್ಯಾಮೆರಾ ಕ್ಷಣ ಕ್ಷಣಕ್ಕೂ ನೋಡುತ್ತಿರುತ್ತದೆ. ರೆಪ್ಪೆ ಶೇ. 80ಕ್ಕಿಂತ ಜಾಸ್ತಿ ಮುಚ್ಚಿರುವ ಹೊತ್ತು ಒಂದು ನಿಮಿಷದಲ್ಲಿ ಎಷ್ಟಾಯಿತು ಅನ್ನೋದು ತೂಕಡಿಕೆ ಅಳೆಯುವ ಒಂದು ಹಳೇ ಲೆಕ್ಕ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡದ್ದು.

ಈ ಕ್ಯಾಮೆರಾನೇ ಬೇಡ ಅನ್ನುವವಳು ನಾನಲ್ಲ. ಇವತ್ತು ತುಮಕೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಊಟ ಮುಗಿಸಿ ನಾನೇ ಓಡಿಸಿಕೊಂಡು ಹೊರಟೆ. ಡಾಬಸ್‌ಪೇಟೆ ದಾಟುವಾಗ ಟಿಣ್ ಟಿಣ್ ಅಂತ ಸದ್ದಾಯಿತು, ಸ್ಕ್ರೀನ್ ಮೇಲೆ ಕಾಫಿ ಕಪ್ಪಿನ ಚಿತ್ರ ಬಂತು. ನನಗಿನ್ನೂ ನಿದ್ದೆ ಬರ್ತಿದೆ ಅನ್ನಿಸಿರಲೇ ಇಲ್ಲ. ತಮ್ಮ "ಅಕ್ಕ, ಸೈಡಿಗೆ ಹಾಕು, ನಾನು ಓಡಿಸ್ತೀನಿ" ಅಂದ. ಸೀಟು ಬದಲಾಯಿಸಿಕೊಂಡೆವು. 2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.72 ಲಕ್ಷ ಜನ ಸತ್ತರು. ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲಿ ಹೋಗುವಾಗ ಮೂರೂವರೆ ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು ಸುಮಾರು 78 ಮೀಟರ್ ಮುಂದೆ ಹೋಗಿರುತ್ತದೆ. ಆ ಟಿಣ್ ಟಿಣ್ ಬೆಲೆ ಏನು ಅಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಪ್ರಶ್ನೆ ಬೇರೆ. ಎಚ್ಚರಿಸುವ ಕೆಲಸ ಆಯಿತಲ್ಲ, ಆಮೇಲೆ ಆ ಚಿತ್ರ ಏನಾಯಿತು? ಅಲ್ಲೇ ಅಳಿಸಿಹೋಯಿತಾ, ಇಲ್ಲಾ ಎಲ್ಲೋ ಒಂದು ಸರ್ವರ್‌ಗೆ ಹೋಯಿತಾ?

ಎಲೆಕ್ಟ್ರಿಕ್ ಕಾರುಗಳಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಇವು ಸಾಮಾನ್ಯವಾಗಿ ಇಂಟರ್ನೆಟ್ಟಿಗೆ ಅಂಟಿಕೊಂಡೇ ಇರುತ್ತವೆ. ಒಳಗೇ ಇ-ಸಿಮ್. ಚಾರ್ಜ್ ಎಷ್ಟಿದೆ ಅಂತ ಮನೆಯಿಂದಲೇ ಆ್ಯಪ್‌ನಲ್ಲಿ ನೋಡಬೇಕು, ಸಾಫ್ಟ್‌ವೇರ್ ರಾತ್ರೋರಾತ್ರಿ ಅಪ್‌ಡೇಟ್ ಆಗಬೇಕು. ದಾರಿ ಸದಾ ತೆರೆದೇ ಇದೆ. ಅದರಲ್ಲಿ ಏನೇನು ಹೋಗುತ್ತದೆ ಅನ್ನೋದು ಮಾತ್ರ ಕೂತವರಿಗೆ ಗೊತ್ತಿಲ್ಲ. ಇವತ್ತು ಬರುವಾಗ ಅಪ್ಪನ ಆಪರೇಷನ್ ಬಗ್ಗೆ ಮಾತಾಡಿದೆವು, ಸಾಲದ ವಿಷಯ ಬಂತು, ಹಿಂದಿನ ಸೀಟಿನಲ್ಲಿ ತಮ್ಮನ ಹೆಂಡತಿ ಮಗುವಿಗೆ ಹಾಲು ಕುಡಿಸಿದಳು. ಮನೆಯಲ್ಲಿ ನಾಲ್ಕು ಜನರ ಮುಂದೆ ಆಡಲಾಗದ ಮಾತನ್ನು ನಾವು ಕಾರಿನಲ್ಲೇ ಆಡೋದು, ಅಲ್ವಾ?

ಕಾರು ತಗೊಳ್ಳುವಾಗ ಶೋರೂಮಿನ ಹುಡುಗನನ್ನು ಇದೇ ಕೇಳಿದ್ದೆ. "ಮೇಡಂ, ಟೆನ್ಷನ್ ಬೇಡ, ಎಲ್ಲಾ ಸೇಫ್" ಅಂದ. ಅವನ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಆ ಮಾತನ್ನು ನಾನು ನಂಬಿಕೊಂಡು ಕೂರಲಾರೆ. ಯಾಕೆ ಅಂದರೆ ಟೆಸ್ಲಾದಲ್ಲಿ ನಡೆದದ್ದು ಗೊತ್ತಿದೆ.

ಟೆಸ್ಲಾ ಕಾರು ತನ್ನಷ್ಟಕ್ಕೇ ಓಡುವಾಗ ಚಾಲಕರು ಎಚ್ಚರವಾಗಿದ್ದಾರಾ ಎಂದು ತಿಳಿಯಲು ಮೊದಲು ಸ್ಟಿಯರಿಂಗ್ ಮೇಲೆ ಕೈಯ ಒತ್ತಡ ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತಿದ್ದರು. ಜನ ಸ್ಟಿಯರಿಂಗ್ ಚಕ್ರಕ್ಕೆ ನೀರಿನ ಬಾಟಲಿ, ಕಿತ್ತಳೆ ಹಣ್ಣು ಸಿಕ್ಕಿಸಿ ಅದಕ್ಕೆ ಮೋಸ ಮಾಡಿದರು. 2021ರಲ್ಲಿ ಕಂಪನಿ ಕನ್ನಡಿಯ ಮೇಲಿನ ಒಳ ಕ್ಯಾಮೆರಾದಿಂದ ಚಾಲಕರನ್ನು ಗಮನಿಸಲು ಶುರು ಮಾಡಿತು. ಒಪ್ಪಿಗೆ ಕೊಡದಿದ್ದರೆ ಚಿತ್ರ ಕಾರು ಬಿಟ್ಟು ಹೋಗುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಆದರೆ 2023ರ ಏಪ್ರಿಲ್‌ನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಹೊರತಂದಿತು. 2019ರಿಂದ 2022ರವರೆಗೆ ಟೆಸ್ಲಾದ ಕೆಲವು ನೌಕರರು ಗ್ರಾಹಕರ ಕಾರಿನ ಕ್ಯಾಮೆರಾಗಳು ಹಿಡಿದ ವಿಡಿಯೋಗಳನ್ನು ಆಫೀಸಿನ ಚಾಟ್‌ನಲ್ಲಿ ತಮ್ಮತಮ್ಮಲ್ಲೇ ಹಂಚಿಕೊಂಡು ನೋಡುತ್ತಿದ್ದರಂತೆ. ಒಬ್ಬ ಮೈಮೇಲೆ ಬಟ್ಟೆಯಿಲ್ಲದೆ ಕಾರಿನ ಹತ್ತಿರ ಬರುವುದು, ಸೈಕಲ್ ಮೇಲಿದ್ದ ಮಗುವಿಗೆ ಕಾರು ಗುದ್ದುವುದು, ಇಂಥವು. ಕಂಪ್ಯೂಟರಿಗೆ ರಸ್ತೆಯ ಗುರುತುಗಳನ್ನು ಕಲಿಸಲು ಮನುಷ್ಯರು ಕೂತು ಚಿತ್ರಗಳಿಗೆ ಹೆಸರು ಅಂಟಿಸಬೇಕಲ್ಲ, ಆ ಕೆಲಸಕ್ಕೆ ಬಂದ ಚಿತ್ರಗಳವು. ಯಾರದ್ದು ಅಂತ ಗೊತ್ತಾಗುವುದಿಲ್ಲ ಅಂತ ಗ್ರಾಹಕರಿಗೆ ಹೇಳಿದ್ದರು. ಚಿತ್ರ ತೆಗೆದ ಜಾಗ ಕಾಣಿಸುತ್ತಿತ್ತು ಅಂತ ಹಳೇ ನೌಕರರು ಹೇಳಿದರು. ಜಾಗ ಗೊತ್ತಾದ ಮೇಲೆ ಮನೆ ಗೊತ್ತಾಗೋದು ಎಷ್ಟು ಹೊತ್ತು?

ಇವು ಹೆಚ್ಚಾಗಿ ಹೊರಗಿನ ಕ್ಯಾಮೆರಾದ ಚಿತ್ರಗಳು, ಒಳಗಿನದಲ್ಲ, ನಿಜ. ಆದರೂ ನನಗೆ ಅದು ಸಮಾಧಾನ ಕೊಡುವುದಿಲ್ಲ. ಕಾರಿನಿಂದ ಒಮ್ಮೆ ಹೊರಟ ಮಾಹಿತಿಗೆ ಆಮೇಲೆ ಯಾರು ಕಾವಲು ಅನ್ನೋದೇ ವಿಷಯ. ಫೋಕ್ಸ್‌ವ್ಯಾಗನ್ ಗುಂಪಿನ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಕ್ಲೌಡ್‌ನಲ್ಲಿ ಬೀಗವಿಲ್ಲದೆ ಬಿದ್ದಿತ್ತು ಎಂದು 2024ರ ಡಿಸೆಂಬರ್‌ನಲ್ಲಿ ಜರ್ಮನಿಯಲ್ಲಿ ಬಯಲಾಯಿತು. ಎಷ್ಟೋ ಕಾರುಗಳು ಎಲ್ಲಿ ನಿಂತಿದ್ದವು ಅನ್ನೋದು ಹತ್ತು ಸೆಂಟಿಮೀಟರ್ ಲೆಕ್ಕದಲ್ಲಿ ಅದರಲ್ಲಿತ್ತು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ತನ್ನ ಗ್ರಾಹಕರು ಎಷ್ಟು ಜೋರಾಗಿ ಬ್ರೇಕ್ ಹಾಕುತ್ತಾರೆ, ರಾತ್ರಿ ಎಷ್ಟು ಓಡಿಸುತ್ತಾರೆ ಅನ್ನುವ ವಿವರ ಮಾರಿತ್ತು. ಅದು ಇನ್ಶೂರೆನ್ಸ್ ಕಂಪನಿಗಳ ಕೈ ಸೇರಿ ಕೆಲವರ ಪ್ರೀಮಿಯಂ ಏರಿತು. 2025ರ ಜನವರಿಯಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಐದು ವರ್ಷ ಹೀಗೆ ಮಾರದಂತೆ ತಡೆಯಲು ಮುಂದಾಯಿತು. ನಾಳೆ ಇದೇ ಪಟ್ಟಿಗೆ "ತೂಕಡಿಸಿದ್ದು ಎಷ್ಟು ಸಲ" ಅನ್ನುವ ಕಾಲಂ ಸೇರಿದರೆ ನನ್ನ ಪ್ರೀಮಿಯಂ ಗತಿ ಏನು?

ಯುರೋಪಿನವರು ಇದಕ್ಕೆ ಉತ್ತರವನ್ನು ಕಾನೂನಿನಲ್ಲೇ ಬರೆದುಬಿಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. 2019ರಲ್ಲಿ ಅಲ್ಲಿ ಒಂದು ವಾಹನ ಸುರಕ್ಷತಾ ಕಾನೂನು ಬಂತು. ಅದರ ಪ್ರಕಾರ 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ತೂಕಡಿಕೆಗೆ ಎಚ್ಚರಿಸುವ ವ್ಯವಸ್ಥೆ ಇರಲೇಬೇಕು. ನೋಟ ರಸ್ತೆ ಬಿಟ್ಟರೆ ಎಚ್ಚರಿಸುವ ವ್ಯವಸ್ಥೆ ಆಗಿನಿಂದ ಹೊಸ ಮಾಡೆಲ್‌ಗಳಿಗೆ ಕಡ್ಡಾಯ, 2026ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ. 50 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಮೂರೂವರೆ ಸೆಕೆಂಡ್ ಕೆಳಗೆ ನೋಡುತ್ತಿದ್ದರೆ ಕಾರು ಕೂಗಬೇಕು. ಹೀಗೆ ಕ್ಯಾಮೆರಾಗೆ ದಾರಿ ಮಾಡಿಕೊಟ್ಟ ಅದೇ ಕಾನೂನು ಅದಕ್ಕೆ ಬೇಲಿಯನ್ನೂ ಹಾಕಿದೆ. ಈ ವ್ಯವಸ್ಥೆಗಳು ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಬೇರೇನನ್ನೂ ಸತತವಾಗಿ ರೆಕಾರ್ಡ್ ಮಾಡಬಾರದು, ಇಟ್ಟುಕೊಳ್ಳಬಾರದು. ಮೂರನೆಯವರಿಗೆ ಯಾವತ್ತೂ ಕೊಡಬಾರದು. ಲೆಕ್ಕ ಮುಗಿದ ತಕ್ಷಣ ಅಳಿಸಿಬಿಡಬೇಕು. ನೋಡು, ಎಚ್ಚರಿಸು, ಮರೆತುಬಿಡು. ಇಷ್ಟೇ ನಾನು ಕೇಳುತ್ತಿರೋದೂ.

ತಾಂತ್ರಿಕವಾಗಿ ಇದು ಕಷ್ಟವೇನಲ್ಲ. ರೆಪ್ಪೆ ಮುಚ್ಚಿದೆಯೋ ಇಲ್ಲವೋ ಎಂದು ತಿಳಿಯಲು ಚಿತ್ರವನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ. ಕಾರಿನೊಳಗಿನ ಚಿಪ್ಪೇ ಲೆಕ್ಕ ಹಾಕುತ್ತದೆ. ಹಾಕಲೇಬೇಕು, ಸರ್ವರ್‌ನಿಂದ ಉತ್ತರ ಬರುವವರೆಗೆ ಕಾದರೆ ಅಷ್ಟರಲ್ಲಿ ಕಾರು ಡಿವೈಡರ್ ಹತ್ತಿರುತ್ತದೆ. ಅಂದರೆ ಸುರಕ್ಷತೆಗೋಸ್ಕರ ಚಿತ್ರ ಹೊರಗೆ ಹೋಗಲೇಬೇಕು ಅನ್ನುವ ಮಾತಿಗೆ ಅರ್ಥವೇ ಇಲ್ಲ. ಹೊರಗೆ ಹೋಗುತ್ತಿದೆ ಅಂದರೆ ಅದು ಬೇರೆ ಯಾವುದೋ ಕೆಲಸಕ್ಕೆ.

ಆ "ಬೇರೆ ಕೆಲಸ" ನಮ್ಮಲ್ಲಿ ಆಗಲೇ ಕಾರಿನೊಳಗೆ ಕೂತಾಗಿದೆ. ಮಹೀಂದ್ರಾ ಕಂಪನಿ 2024ರ ನವೆಂಬರ್‌ನಲ್ಲಿ ತೋರಿಸಿದ ಬಿಇ 6, ಎಕ್ಸ್‌ಇವಿ 9ಇ ಕಾರುಗಳ ಮೇಲಿನ ವೇರಿಯಂಟ್‌ಗಳಲ್ಲಿ ಚಾಲಕರನ್ನೂ ಕೂತವರನ್ನೂ ಗಮನಿಸುವ ಕ್ಯಾಮೆರಾ ವ್ಯವಸ್ಥೆ ಇದೆ. ಸೆಲ್ಫಿಗೆ, ವಿಡಿಯೋ ಕಾಲ್‌ಗೆ ಕೂಡ ಒಳಗಿನ ಕ್ಯಾಮೆರಾ ಬಳಸಬಹುದು. ಜನರಿಗೆ ಇಷ್ಟವಾಗುವ ಸೌಲಭ್ಯ, ಬೇಡ ಅನ್ನಲ್ಲ. ಆದರೆ ಒಂದು ಕಡೆ ಜೀವ ಉಳಿಸುವ ಕೆಲಸ, ಇನ್ನೊಂದು ಕಡೆ ಇಂಟರ್ನೆಟ್ಟಿಗೆ ಚಿತ್ರ ಕಳಿಸುವ ಕೆಲಸ. ಎರಡೂ ಒಂದೇ ಕಾರಿನೊಳಗೆ ಇದ್ದಾಗ ಅವುಗಳ ನಡುವಿನ ಗೋಡೆ ಎಲ್ಲಿದೆ ಅಂತ ಕೊಂಡವರಿಗೆ ಬಿಡಿಸಿ ಹೇಳಬೇಕು. ಕಾರು ಯಾವ ಕಂಪನಿಯದ್ದೇ ಆಗಿರಲಿ.

ನಮ್ಮಲ್ಲೂ ಕಾನೂನು ಇಲ್ಲದೇ ಏನಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಮ್ಮ ಶಾಲೆಗಳಲ್ಲಿ ಅವರ ಹೆಸರು ಹೇಳಿಕೊಡಬೇಕು ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ.

ಆ ತೀರ್ಪಿನ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಕಾಯ್ದೆಯೊಳಗೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಫೋನಿನಲ್ಲೇ ಡಾಕ್ಟರನ್ನು ಕಾಣುವ ಆ್ಯಪ್ ಒಂದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳಿತು, ನೀವು ಕೊಟ್ಟಿರಿ ಅಂತಿಟ್ಟುಕೊಳ್ಳಿ. ಚಿಕಿತ್ಸೆಗೆ ಆ ಪಟ್ಟಿ ಬೇಕಾಗಿಲ್ಲವಾದ್ದರಿಂದ ಆ ಒಪ್ಪಿಗೆ ನಡೆಯುವುದಿಲ್ಲ. ಇದನ್ನೇ ಕಾರಿಗೆ ಅನ್ವಯಿಸಿ ನೋಡಿ. ತೂಕಡಿಕೆ ಹಿಡಿಯಲು ನನ್ನ ಮುಖದ ವಿಡಿಯೋ ಸರ್ವರ್‌ಗೆ ಹೋಗಬೇಕಾಗಿಲ್ಲ ಅಂದಮೇಲೆ, ಮೊದಲ ದಿನ ಕಾರಿನ ಸ್ಕ್ರೀನ್ ಮೇಲೆ ಒತ್ತಿಸಿಕೊಂಡ "ಒಪ್ಪುತ್ತೇನೆ" ಅಲ್ಲಿಯವರೆಗೆ ಎಳೆಯಬಾರದು. ಇನ್ನೊಂದು ವಿಷಯ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ನಮಗಿರಬೇಕು ಎನ್ನುತ್ತದೆ ಕಾಯ್ದೆ. ಅಂದರೆ ಕನ್ನಡದಲ್ಲಿ ಕೇಳಬಹುದು. ತಮ್ಮನ ಕಾರಿನ ಪ್ರೈವಸಿ ಪಾಲಿಸಿ ಪೂರ್ತಿ ಇಂಗ್ಲಿಷ್‌ನಲ್ಲೇ ಇದೆ.

ಇಷ್ಟು ಹೊತ್ತು ಬರೆದದ್ದು ಸ್ವಂತ ಕಾರಿನವರ ಮಾತು. ನಮಗೆ ಕೇಳುವ ದಾರಿಯಾದರೂ ಇದೆ. ಹೋದ ವಾರ ಏರ್‌ಪೋರ್ಟಿಗೆ ಹೋಗುವಾಗ ಸಿಕ್ಕ ಎಲೆಕ್ಟ್ರಿಕ್ ಕ್ಯಾಬ್‌ನಲ್ಲಿ ಗಾಜಿಗೆ ಅಂಟಿಸಿದ ಎರಡು ಮುಖದ ಕ್ಯಾಮೆರಾ ಇತ್ತು. ಒಂದು ರಸ್ತೆ ಕಡೆ, ಇನ್ನೊಂದು ಡ್ರೈವರ್ ಕಡೆ. ಇದು ರೆಕಾರ್ಡ್ ಆಗುತ್ತಾ ಅಂತ ಕೇಳಿದೆ.

"ಆಗ್ತದೆ ಮೇಡಂ. ಆಕಳಿಸಿದ್ರೂ ಆಫೀಸಿಂದ ಫೋನ್ ಬರ್ತದೆ."

"ಮಧ್ಯಾಹ್ನ ರೆಸ್ಟ್ ತಗೊಳ್ಳುವಾಗ ಮುಚ್ಚಬಹುದಲ್ವಾ?"

"ಮುಚ್ಚಿದ್ರೆ ಫೈನ್. ಊಟ ಮಾಡೋದೂ ಇಲ್ಲೇ, ಮಲಗೋದೂ ಇಲ್ಲೇ, ಶರ್ಟ್ ಬದಲಾಯಿಸೋದೂ ಇಲ್ಲೇ. ಬೆಳಗ್ಗೆ ನಾಲ್ಕಕ್ಕೆ ಗಾಡಿ ತೆಗೆದಿದೀನಿ ಮೇಡಂ. ನಿದ್ದೆ ಬರ್ತಿದೆ ಅಂತ ಕ್ಯಾಮೆರಾಗೆ ಗೊತ್ತಾಗ್ತದೆ. ಎಷ್ಟು ಗಂಟೆಯಿಂದ ಓಡಿಸ್ತಿದೀನಿ ಅಂತ ಯಾರೂ ಕೇಳಲ್ಲ."

ಕೊನೆಯ ಆ ಮಾತು ಅವತ್ತಿನಿಂದ ತಲೆಯಲ್ಲೇ ಇದೆ. ನಮ್ಮ ಕಾರಿನ ಕ್ಯಾಮೆರಾ ನಮಗೆ ಹೇಳುತ್ತದೆ, ಅವರ ಕಾರಿನದ್ದು ಅವರ ಮೇಲಿನವರಿಗೆ ಹೇಳುತ್ತದೆ. ದಣಿದವರಿಗೆ ವಿಶ್ರಾಂತಿ ಸಿಗಬೇಕಾದಲ್ಲಿ ಫೈನ್ ಸಿಗುತ್ತದೆ. ಅಮೆರಿಕದಲ್ಲಿ ಅಮೆಜಾನ್ 2021ರಲ್ಲಿ ಡೆಲಿವರಿ ವ್ಯಾನುಗಳಿಗೆ ಇಂಥ ಕ್ಯಾಮೆರಾ ಹಾಕಿಸಿ, ಚಾಲಕರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿತ್ತು. ಸಹಿ ಹಾಕದಿದ್ದರೆ ಕೆಲಸವಿಲ್ಲ. ಆ ಕ್ಯಾಮೆರಾ ಮಾಡಿದ ನೆಟ್ರಡೈನ್ ಕಂಪನಿಯ ಎಂಜಿನಿಯರುಗಳಲ್ಲಿ ಬಹಳಷ್ಟು ಜನ ಕೂತಿರೋದು ಬೆಂಗಳೂರಿನಲ್ಲೇ. ಈ ತಂತ್ರಜ್ಞಾನ ಬೆಳೆಸುತ್ತಿರುವವರಲ್ಲಿ ನಮ್ಮವರೂ ಇದ್ದಾರೆ. ಹಾಗಾಗಿ ಅದು ಹೇಗಿರಬೇಕು ಅಂತ ಹೇಳುವ ಹಕ್ಕೂ ನಮಗಿದೆ.

ದತ್ತಾಂಶ ಕಾಯ್ದೆ ಈ ಡ್ರೈವರ್‌ಗಳ ಕೈ ಅಷ್ಟಾಗಿ ಹಿಡಿಯುವುದಿಲ್ಲ. ಉದ್ಯೋಗದ ಕಾರಣಕ್ಕೆ, ಮಾಲೀಕರಿಗೆ ನಷ್ಟವಾಗದಿರಲಿ ಅನ್ನುವ ಕಾರಣಕ್ಕೆ ಒಪ್ಪಿಗೆ ಇಲ್ಲದೆಯೂ ನೌಕರರ ಮಾಹಿತಿ ಬಳಸಲು ಅದರ ಏಳನೇ ಸೆಕ್ಷನ್ ಜಾಗ ಬಿಟ್ಟಿದೆ. ಇದು ನನಗೆ ಸರಿ ಕಾಣುವುದಿಲ್ಲ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರ, ಕಾಯ್ದೆ ಸ್ವಲ್ಪ ಮುಂದಿದೆ. ತನ್ನಿಂದ ತಾನೇ ಕಣ್ಗಾವಲು ಮಾಡುವ, ತೀರ್ಮಾನ ಮಾಡುವ ವ್ಯವಸ್ಥೆಗಳು ಕೆಲಸಗಾರರ ಮೇಲೆ ಹೇಗೆ ಪರಿಣಾಮ ಬೀರುತ್ತವೆ ಎಂದು ಆ್ಯಪ್ ಕಂಪನಿಗಳು ಅವರಿಗೆ ತಿಳಿಸಬೇಕು ಎನ್ನುತ್ತದೆ. ಒಳ್ಳೆಯ ಶುರು. ಗಾಡಿ ನಿಂತಾಗ ಕ್ಯಾಮೆರಾ ಆಫ್ ಆಗಲೇಬೇಕು ಅನ್ನುವ ಒಂದು ಸಾಲನ್ನೂ ಅದರ ನಿಯಮಗಳಲ್ಲಿ ಸೇರಿಸಲಿ.

ರಾತ್ರಿ ಊಟ ಆದ ಮೇಲೆ ತಮ್ಮನ ಜೊತೆ ಕೂತು, ಅವನ ಕಾರಿನ ಕಂಪನಿಯ ದೂರು ವಿಭಾಗಕ್ಕೆ ಕನ್ನಡದಲ್ಲೇ ಮೇಲ್ ಕಳಿಸಿದೆವು. ಒಳ ಕ್ಯಾಮೆರಾದ ಚಿತ್ರ ಅಥವಾ ಅದರಿಂದ ಹುಟ್ಟಿದ ಲೆಕ್ಕ ಕಾರಿನಿಂದ ಹೊರಗೆ ಹೋಗುತ್ತದೆಯೇ? ಹೋದರೆ ಯಾರಿಗೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ತೂಕಡಿಕೆಯ ಎಚ್ಚರಿಕೆ ಉಳಿಸಿಕೊಂಡು ಡೇಟಾ ಕಳಿಸೋದನ್ನು ಮಾತ್ರ ನಿಲ್ಲಿಸುವ ಬಟನ್ ಯಾವ ಮೆನುವಿನಲ್ಲಿದೆ? ಕಾರು ಮಾರಿದರೆ ಹಳೇದೆಲ್ಲ ಅಳಿಸೋದು ಹೇಗೆ? ಪಾಲಿಸಿಯ ಕನ್ನಡ ಪ್ರತಿ ಯಾವಾಗ ಕೊಡುತ್ತೀರಿ?

ನಿಮ್ಮ ಕಾರಿನಲ್ಲೂ ಇಂಥ ಕ್ಯಾಮೆರಾ ಇದ್ದರೆ ಈ ಪ್ರಶ್ನೆಗಳನ್ನು ಹಾಗೇ ಎತ್ತಿಕೊಂಡು ನಿಮ್ಮ ಕಂಪನಿಗೂ ಕಳಿಸಿ. ನಮಗೆ ಬಂದ ಉತ್ತರವನ್ನು ಇಲ್ಲೇ ಹಾಕುತ್ತೇನೆ.