ಕಕ್ಕಡದ ಮಳೆ, ತಿಂಗಳ ಹಣ

ನಿನ್ನೆ ಕೊಡಗಿನ ಸಿದ್ದಾಪುರದ ಸಮೀಪದ ಕಾಫಿ ತೋಟವೊಂದರ ಲೈನ್ ಮನೆಗೆ, ಅಂದರೆ ಕೂಲಿ ಕಾರ್ಮಿಕರ ಸಾಲುಮನೆಗೆ, ಹೋಗಿದ್ದಾಗ, ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಒದ್ದೆ ಕಂಬಳಿ ಹರವುತ್ತಿದ್ದ ಅಕ್ಕ, ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಅಂಗಡಿಯ ಬಾಕಿ ತೀರಿಸಿದ್ದರಿಂದ ಜೋರು ಮಳೆಯ ಈ ಕಕ್ಕಡ ತಿಂಗಳಲ್ಲಿ ತೋಟದವರ ಬಳಿ ಕೂಲಿಯ ಮುಂಗಡ ಕೇಳಲಿಲ್ಲ ಎಂದರು. ಮುಂಗಡ ಪಡೆದವರು ಕಾಫಿ ಕೊಯ್ಲಿನ ಹೊತ್ತಿಗೆ ಹೆಚ್ಚಿನ ಕೂಲಿ ಸಿಗುವ ಕಡೆಗೆ ಹೋಗುವುದು ಎಷ್ಟು ಕಷ್ಟವೆಂದು ಇಲ್ಲಿ ಎಲ್ಲರಿಗೂ ಗೊತ್ತು.

ಷರತ್ತಿಲ್ಲದೆ ಪ್ರತಿ ತಿಂಗಳು ಜನರ ಕೈಗೆ ಹಣ ಕೊಡುವ ‘ಮೂಲ ಆದಾಯ’ದ ಪ್ರಯೋಗಗಳಿಗೆ ಸರ್ಕಾರ ಹಣ ಕೊಡಬೇಕೇ ಎಂದು ಯಾರಾದರೂ ಕೇಳಿದರೆ, ಖಂಡಿತ ಕೊಡಬೇಕು ಎನ್ನುತ್ತೇನೆ. 2011ರಿಂದ 2013ರ ಅವಧಿಯಲ್ಲಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ‘ಸೇವಾ’ ಮಹಿಳಾ ಸಂಘಟನೆಯು ಯುನಿಸೆಫ್ ನೆರವಿನಿಂದ ನಡೆಸಿದ ಪ್ರಯೋಗದಲ್ಲಿ ಪ್ರತಿ ವಯಸ್ಕರಿಗೆ ತಿಂಗಳಿಗೆ ಮೊದಲು 200, ಬಳಿಕ 300 ರೂಪಾಯಿಯನ್ನು ಯಾವ ಷರತ್ತೂ ಇಲ್ಲದೆ ಕೊಡಲಾಯಿತು. ಮಕ್ಕಳಿಗೆ ಅದರ ಅರ್ಧ. ಜನ ಸೋಮಾರಿಗಳಾಗಲಿಲ್ಲ, ಬದಲಿಗೆ ಸ್ವಂತ ದುಡಿಮೆಗೆ ಬಂಡವಾಳ ಹೂಡಿದರು. ಫಿನ್ಲೆಂಡ್ 2017-18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಾಗ ಉದ್ಯೋಗದಲ್ಲಿ ಅಲ್ಪ ಹೆಚ್ಚಳವಷ್ಟೇ ಕಂಡರೂ ಮನಸ್ಸಿನ ಒತ್ತಡ ಕಡಿಮೆಯಾಗಿತ್ತು.

ಎರಡು ವರ್ಷಕ್ಕೆ ಹಣ ನಿಲ್ಲುತ್ತದೆ ಎಂದು ತಿಳಿದವರು ಅದು ಜೀವನಪೂರ್ತಿ ಸಿಗುತ್ತದೆ ಎಂದು ನಂಬಿದವರಂತೆ ನಡೆದುಕೊಳ್ಳುವುದಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದ್ದರಿಂದಲೇ ಕೊಡಗಿನಲ್ಲಿ ಇಂಥದ್ದು ನಡೆದರೆ ಕೊಯ್ಲಿನ ನಾಲ್ಕು ತಿಂಗಳು ಮಾತ್ರ ನೋಡಿ ವರದಿ ಬರೆಯದೆ, ಕನಿಷ್ಠ ಮೂರು ಮಳೆಗಾಲ ಕಾಯಬೇಕು. ಮಳೆಯಿಂದ ಕೂಲಿ ತಪ್ಪುವ ಆ ದಿನಗಳಲ್ಲಿ ಲೈನ್ ಮನೆಯವರು ಯಾರ ಬಳಿ, ಎಷ್ಟು ಸಾಲ ಕೇಳಿದರು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು.