ಕೊಲಂಬಿಯಾದ ಒಳಗೋಡೆ: 1/32 ಅಪೊಲೊ ಮಾಡೆಲ್ ಎಲ್ಲಿಗೆ ಬಂತು, ಮುಂದೆ ಏನೇನು ಬರಬಹುದು

ನೌಕೆಯ ಸ್ವಿಚ್ಚುಗಳಿರುವ ಮುಖ್ಯ ಪ್ಯಾನೆಲ್ 3ಡಿ ಪ್ರಿಂಟ್ ಆಗಿ, ತೊಳೆದು, ಯುವಿ ಬೆಳಕಿನಲ್ಲಿ ಗಟ್ಟಿಯಾಗಿ, ಈಗ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ) ಹಾಕಿಸಿಕೊಂಡು ಮೇಜಿನ ಮೇಲಿದೆ. ಅಗಲ 66 ಮಿ.ಮೀ., ಎತ್ತರ 28 ಮಿ.ಮೀ. ನಿಜವಾದದ್ದು ಸುಮಾರು 2.1 ಮೀಟರ್ ಅಗಲ, 0.9 ಮೀಟರ್ ಎತ್ತರ. ಇಡೀ ಯೋಜನೆಯಲ್ಲಿ ನನಗೆ ಅತಿ ಮುಖ್ಯವಾದ ಭಾಗ ಇದೇ, ಹಾಗಾಗಿ ಈ ಸಲ ಹೆಚ್ಚಿನ ಮಾತು ಇದರ ಬಗ್ಗೆಯೇ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಮಾಡುತ್ತಿರುವುದು ಅಪೊಲೊ 11ರ ಕಮಾಂಡ್ ಮಾಡ್ಯೂಲ್ (ಗಗನಯಾತ್ರಿಗಳು ಕೂತು ಭೂಮಿಗೆ ಮರಳಿದ ಭಾಗ) ಕೊಲಂಬಿಯಾ, 1/32 ಅಳತೆಯಲ್ಲಿ. ಹೊರಗಿನ ಶಂಕು ಹಳೆಯ ಅಚ್ಚಿನ ಪ್ಲಾಸ್ಟಿಕ್ ಕಿಟ್‌ನದು. ಬುಡದ ವ್ಯಾಸ 122 ಮಿ.ಮೀ. ಬರುತ್ತದೆ, ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. ಆದರೆ ಕಿಟ್‌ನ ಒಳಭಾಗ ತುಂಬಾ ಬಡಪಾಯಿ. ಮೂರು ಸೀಟು, ಒಂದು ಹಲಗೆ, ಅದರ ಮೇಲೆ ಒಂದಿಷ್ಟು ಉಬ್ಬು ಚುಕ್ಕಿಗಳು, ಅಷ್ಟೇ. ಹ್ಯಾಚ್ (ನೌಕೆಯ ಬಾಗಿಲು) ತೆಗೆದಿಟ್ಟು ಒಳಗೆ ಇಣುಕಿ ನೋಡುವ ಹಾಗೆ ಮಾಡಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಒಳಗಿನದ್ದೆಲ್ಲ ಹೊಸದಾಗಿ ಬೇಕು.

ಇದು ಸಾಧ್ಯವಾಗಿದ್ದು 2016ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಮಾಡಿದ ಒಂದು ಕೆಲಸದಿಂದ. ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿರುವ ನಿಜವಾದ ಕೊಲಂಬಿಯಾವನ್ನು ಒಳಗೂ ಹೊರಗೂ ಸ್ಕ್ಯಾನ್ ಮಾಡಿ, ಆ ಮೂರು ಆಯಾಮದ ಫೈಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಅಂತ ಬಿಟ್ಟರು. ಯೋಚಿಸಿ ನೋಡಿ. ಮಾಡೆಲ್ ಮಾಡುವವರು ಮೊದಲೆಲ್ಲ ನಾಲ್ಕಾರು ಫೋಟೋ, ಯಾರೋ ಬರೆದ ನಕ್ಷೆ ಇಟ್ಟುಕೊಂಡು ಕಣ್ಣಳತೆಯಲ್ಲೇ ಎಲ್ಲ ಮಾಡಬೇಕಿತ್ತು. ಈಗ ಚಂದ್ರನ ಸುತ್ತ ಸುತ್ತಿ ಬಂದ ಆ ನೌಕೆಯ ಅಳತೆಯೇ ನನ್ನ ಕಂಪ್ಯೂಟರ್‌ನಲ್ಲಿದೆ. ನನಗೆ ಇದು ಇನ್ನೂ ಪೂರ್ತಿ ಅರಗಿಲ್ಲ.

ಆದರೆ ಸ್ಕ್ಯಾನ್ ಸಿಕ್ಕ ಮೇಲೆ ಕೆಲಸ ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ಸ್ಕ್ಯಾನ್‌ನಲ್ಲಿ ಬರುವುದು ಮೇಲ್ಮೈ ಮಾತ್ರ, ಸಿಪ್ಪೆಯ ಹಾಗೆ, ದಪ್ಪವೇ ಇಲ್ಲ. ಗಾಜು ಇರುವ ಕಡೆ, ಹೊಳೆಯುವ ಲೋಹ ಇರುವ ಕಡೆ ಮೆಶ್ (ಆ ಮೇಲ್ಮೈಯ ಬಲೆ) ಉಬ್ಬುತಗ್ಗಾಗಿರುತ್ತದೆ. ತೆಳ್ಳಗಿನ ತಂತಿ ಅರ್ಧಕ್ಕೇ ಮಾಯ. ಸೀಟಿನ ಹಿಂದೆ, ಮೂಲೆಯಲ್ಲಿ ಎಲ್ಲ ತೂತು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಅದನ್ನು ಹಾಸಿಟ್ಟುಕೊಂಡು, ಅದರ ಮೇಲೆ ಪ್ಯಾನೆಲನ್ನು ನಾನೇ ಮತ್ತೆ ಹೊಸದಾಗಿ ಕಟ್ಟಿದೆ. ಕೊನೆಗೆ 3.125 ಪ್ರತಿಶತಕ್ಕೆ ಇಳಿಸಿದರೆ 1/32.

ಅಲ್ಲಿಂದ ಮುಂದೆ ನಿಜವಾದ ತಲೆನೋವು.

ನನ್ನ ಪ್ರಿಂಟರ್ ಎಲ್‌ಸಿಡಿ ಪರದೆಯ ರೆಸಿನ್ ಪ್ರಿಂಟರ್, ಅಂದರೆ ದ್ರವ ಪ್ಲಾಸ್ಟಿಕ್ಕನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುವಂಥದ್ದು. ಪರದೆಯ ಒಂದು ಪಿಕ್ಸೆಲ್ ಸುಮಾರು 0.05 ಮಿ.ಮೀ. 1/32ರಲ್ಲಿ ಅದು ನಿಜಜೀವನದ 1.6 ಮಿ.ಮೀ. ಆಗುತ್ತದೆ. ಇದಕ್ಕಿಂತ ಸಣ್ಣದು ಏನಿದ್ದರೂ ಪ್ರಿಂಟರ್‌ಗೆ ಕಾಣುವುದಿಲ್ಲ. ಕಮಾಂಡ್ ಮಾಡ್ಯೂಲ್‌ನಲ್ಲಿ ಐನೂರಕ್ಕೂ ಹೆಚ್ಚು ಸ್ವಿಚ್ಚುಗಳಿದ್ದವು. ಭಾರವಿಲ್ಲದೆ ತೇಲುವಾಗ ಕೈಕಾಲು ತಾಗಿ ಸ್ವಿಚ್ ಒತ್ತಿಹೋಗಬಾರದು ಅಂತ ಟಾಗಲ್ ಸ್ವಿಚ್ಚುಗಳ ಆಚೀಚೆ ಬಾಗಿದ ಲೋಹದ ಕಾವಲು ಕಡ್ಡಿಗಳನ್ನು ಹಾಕಿದ್ದರು. ಅವುಗಳ ದಪ್ಪ ಕೆಲವೇ ಮಿ.ಮೀ. ಸರಿಯಾದ ಅಳತೆಗೆ ಇಳಿಸಿದರೆ ಕೂದಲಷ್ಟು. ಪರೀಕ್ಷೆಗೆ ಹಾಗೇ ಪ್ರಿಂಟ್ ಮಾಡಿ ನೋಡಿದೆ. ಅರ್ಧದಷ್ಟು ಕಡ್ಡಿಗಳು ತೊಳೆಯುವಾಗಲೇ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೊಚ್ಚಿಹೋದವು. ಉಳಿದವು ಪ್ರೈಮರ್ ಹೊಡೆದ ಮೇಲೆ ಒಂದಕ್ಕೊಂದು ಅಂಟಿ ಉಂಡೆಯಾದವು. ಪ್ರೈಮರ್, ಬಣ್ಣ, ವಾರ್ನಿಶ್ ಮೂರೂ ಸೇರಿದರೆ ಆ ಪದರಕ್ಕೇ ಒಂದು ದಪ್ಪ ಇರುತ್ತದಲ್ವಾ? ಬಣ್ಣವನ್ನು 1/32ಕ್ಕೆ ಇಳಿಸುವ ಉಪಾಯ ಇನ್ನೂ ಯಾರಿಗೂ ಸಿಕ್ಕಿಲ್ಲ.

ಹಾಗಾಗಿ ಕಡ್ಡಿಗಳನ್ನು 0.25 ಮಿ.ಮೀ.ಗೆ ದಪ್ಪ ಮಾಡಿದೆ. ನಡುವಿನ ಜಾಗ ಉಳಿಸಿಕೊಳ್ಳಲು, ಒತ್ತೊತ್ತಾಗಿ ಇರುವ ಸಾಲುಗಳಲ್ಲಿ ಕೆಲವನ್ನು ಬಿಟ್ಟುಬಿಟ್ಟೆ. ಸ್ವಿಚ್ಚಿನ ಹಿಡಿಗಳನ್ನೂ ಸ್ವಲ್ಪ ಉದ್ದ ಮಾಡಿದೆ. ಅಳತೆಯ ಲೆಕ್ಕದಲ್ಲಿ ಇದು ತಪ್ಪು. ಆದರೆ ಹ್ಯಾಚ್‌ನಿಂದ ಇಣುಕಿ ನೋಡಿದಾಗ ನಿಜವಾದ ಪ್ಯಾನೆಲ್ ಥರ ಕಾಣುವುದು ಇದೇ, ಅಳತೆಗೆ ಸರಿಯಾಗಿದ್ದದ್ದು ಸುಮ್ನೆ ಗರಗಸದ ಅಂಚಿನ ಹಾಗೆ ಕಾಣುತ್ತಿತ್ತು. ಸ್ಕ್ಯಾನ್ ಎಲ್ಲವನ್ನೂ ಕೊಡುತ್ತದೆ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು, ಎಲ್ಲಿ ಒಂದಿಷ್ಟು ಹಿಗ್ಗಿಸಬೇಕು ಅನ್ನೋದನ್ನು ಮಾಡುವವರೇ ತೀರ್ಮಾನ ಮಾಡಬೇಕು. ಮುಂದೆ ಎಂಥ ಯಂತ್ರ ಬಂದರೂ ಈ ಹವ್ಯಾಸದ ತಿರುಳು ಈ ತೀರ್ಮಾನದಲ್ಲೇ ಇರುತ್ತದೆ ಅಂತ ನನಗೆ ದಿನದಿನಕ್ಕೂ ಗಟ್ಟಿಯಾಗುತ್ತಿದೆ.

ಯಂತ್ರಗಳಂತೂ ಬರುತ್ತವೆ. ಪಿಕ್ಸೆಲ್ 0.02 ಮಿ.ಮೀ. ಹತ್ತಿರ ಇರುವ ಪ್ರಿಂಟರ್‌ಗಳು ಈಗಲೇ ಮನೆಗಳಿಗೆ ಬಂದಿವೆ. ನನಗೆ ಜಾಸ್ತಿ ಕುತೂಹಲ ಇರುವುದು ಪದರಗಳೇ ಇಲ್ಲದ ಪ್ರಿಂಟಿಂಗ್ ಬಗ್ಗೆ. 2019ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಇದನ್ನು ಮಾಡಿ ತೋರಿಸಿದರು. ಗಾಜಿನ ಸೀಸೆಯಲ್ಲಿ ರೆಸಿನ್ ತುಂಬಿ, ಅದನ್ನು ತಿರುಗಿಸುತ್ತಾ, ಒಂದೊಂದು ಕೋನಕ್ಕೆ ಒಂದೊಂದು ಚಿತ್ರದ ಬೆಳಕು ಬಿಡುತ್ತಾರೆ. ಬೆಳಕು ಸಾಕಷ್ಟು ಸೇರಿದ ಕಡೆ ಇಡೀ ವಸ್ತು ಒಟ್ಟಿಗೇ ಗಟ್ಟಿಯಾಗುತ್ತದೆ. ಪ್ರಿಂಟ್ ಆಗುವಾಗ ಆಸರೆ ಕೊಡುವ ಸಪೋರ್ಟ್ ಕಡ್ಡಿ ಬೇಡ, ಪದರದ ಮೆಟ್ಟಿಲು ಗುರುತು ಇಲ್ಲ. ಆಗ ಅವರು ತೋರಿಸಿದ ಅತಿ ಸಣ್ಣ ವಿವರ ಸುಮಾರು 0.3 ಮಿ.ಮೀ., ಹಾಗಾಗಿ ನನ್ನ ಪ್ಯಾನೆಲ್‌ಗೆ ಅದು ಸಾಲದು. ಆದರೆ ಅವರು ಇನ್ನೊಂದು ಮಾಡಿದರು: ಸ್ಕ್ರೂಡ್ರೈವರ್‌ನ ಲೋಹದ ಕಡ್ಡಿಯನ್ನು ರೆಸಿನ್‌ನಲ್ಲಿಟ್ಟು, ಅದರ ಸುತ್ತಲೇ ಹಿಡಿಕೆ ಬೆಳೆಸಿದರು. ಇದನ್ನು ಓದಿದಾಗಿನಿಂದ ನನಗೆ ಒಂದೇ ಯೋಚನೆ. ಕಾವಲು ಕಡ್ಡಿಗಳನ್ನು ನಿಜವಾದ ತಾಮ್ರದ ತಂತಿಯಲ್ಲೇ ಬಾಗಿಸಿ ಸಾಲಾಗಿ ನಿಲ್ಲಿಸಿ, ಪ್ಯಾನೆಲ್ ಅದರ ಸುತ್ತ ಮೂಡುವ ಹಾಗಾದರೆ? ಮುರಿಯುವ ಮಾತೇ ಇರುವುದಿಲ್ಲ!

ಒಂದೇ ಫೋಟೋದಿಂದ ಮೂರು ಆಯಾಮದ ಆಕಾರ ಕಟ್ಟಿಕೊಡುವ ಎಐ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕಾಣದ ಭಾಗವನ್ನು ಅದು ಊಹಿಸಿ ತುಂಬುತ್ತದೆ. ಊಹೆಯ ಸ್ವಿಚ್ ಸಾಲು ಕೊಲಂಬಿಯಾದ್ದಲ್ಲ. ಇಂಥ ಫೈಲುಗಳು ಹೆಚ್ಚಾದ ಹಾಗೆ, ಅಳತೆ ತೆಗೆದದ್ದು ಯಾವುದು, ಊಹಿಸಿದ್ದು ಯಾವುದು ಅಂತ ಗೊತ್ತಾಗದೆ ಹೋಗುತ್ತದೆ ಅನ್ನೋದು ನನ್ನ ನಿಜವಾದ ಆತಂಕ. ಅದೇ ಎಐ ಸ್ಕ್ಯಾನ್‌ನ ಗಲೀಜು ಮೆಶ್ ತೆಗೆದುಕೊಂಡು, ಇದು ಸ್ವಿಚ್, ಇದು ಬೋಲ್ಟ್, ಇದು ಬರೀ ಗಾಜಿನ ಹೊಳಪು ಅಂತ ಬಿಡಿಸಿಕೊಟ್ಟರೆ ಎರಡೂ ಕೈಯಲ್ಲಿ ಸ್ವಾಗತ.

ಬಣ್ಣದ ರೆಸಿನನ್ನೇ ಸಿಂಪಡಿಸಿ ಬಣ್ಣ ಸಮೇತ ಪ್ರಿಂಟ್ ಮಾಡುವ ಯಂತ್ರಗಳು ಕಾರ್ಖಾನೆ ಮಟ್ಟದಲ್ಲಿ ಇವೆ. ಅವು ಚಿಕ್ಕದಾಗಿ ಮೇಜಿನ ಮೇಲೆ ಬಂದರೆ ಪ್ಯಾನೆಲ್ ಮೇಲಿನ ಬಿಳಿ ಅಕ್ಷರಗಳಿಗೆ ಖಂಡಿತ ಬಳಸುತ್ತೇನೆ. ಬೂದು ಬಣ್ಣ, ಸವೆದ ಅಂಚು, ಸೀಟಿನ ಬಟ್ಟೆಯ ಕೊಳೆ, ಇದೆಲ್ಲ ಬ್ರಶ್‌ನಲ್ಲೇ. ಅದನ್ನು ಬಿಟ್ಟುಕೊಡುವ ಮನಸ್ಸಿಲ್ಲ.

ಇನ್ನು ಬಾಳಿಕೆಯ ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. 1960ರ ದಶಕದ ಪಾಲಿಸ್ಟೈರೀನ್ ಕಿಟ್ ಡಬ್ಬಿ ತೆಗೆದು ಇವತ್ತೂ ಅಂಟಿಸಬಹುದು. ರೆಸಿನ್ ಹಾಗಲ್ಲ, ಬೆಳಕು ಬಿದ್ದ ಹಾಗೆ ಹಳದಿಯಾಗುತ್ತದೆ, ಪೆಡಸಾಗುತ್ತದೆ. ಹೊಸ ಪ್ರಿಂಟರ್‌ಗಿಂತ ಮೊದಲು ನನಗೆ ಬೇಕಾಗಿರುವುದು ಐವತ್ತು ವರ್ಷ ತಡೆಯುವ ರೆಸಿನ್.

ಅಳತೆಗಳೂ ಬದಲಾಗುತ್ತವೆ. ಜಪಾನಿನ ಮಾಡೆಲ್ ಕಂಪನಿ ಟಮಿಯಾದ 1/35 ಅಳತೆ ಹುಟ್ಟಿದ್ದು ಪ್ಯಾಂಥರ್ ಟ್ಯಾಂಕ್ ಒಳಗೆ ಮೋಟಾರ್, ಬ್ಯಾಟರಿ ಹಿಡಿಸಬೇಕಾಗಿದ್ದಕ್ಕೆ. ಅದನ್ನೇ ಮುಂದೆ ಎಲ್ಲರೂ ಹಿಡಿದುಕೊಂಡರು. ಫೈಲ್ ಕೈಯಲ್ಲಿದ್ದರೆ ಅಂಥ ಕಟ್ಟು ಇರುವುದಿಲ್ಲ, ಕಪಾಟಿನಲ್ಲಿ ಎಷ್ಟು ಜಾಗ ಇದೆಯೋ ಅಷ್ಟು ದೊಡ್ಡದು.

ಮತ್ತೆ ಕೊಲಂಬಿಯಾಕ್ಕೆ. ಈ ಸಲ ಇನ್ನೊಂದು ದೊಡ್ಡ ತೀರ್ಮಾನ ಆಯಿತು. ಸ್ಕ್ಯಾನ್‌ನಲ್ಲಿ ಇರುವುದು ಮ್ಯೂಸಿಯಂನ ಕೊಲಂಬಿಯಾ, ಹಾರಾಟ ಮುಗಿಸಿ ದಶಕಗಳು ಕಳೆದ ಮೇಲಿನದು. ನಾನು ಮಾಡಬೇಕಾದದ್ದು ಯಾವ ದಿನದ್ದು? ಒಳಗೋಡೆಯಲ್ಲಿ ಗಗನಯಾತ್ರಿಗಳು ಕೈಯಲ್ಲಿ ಬರೆದ ಅಂಕಿಗಳು, ಟಿಪ್ಪಣಿಗಳು ಸ್ಕ್ಯಾನ್ ಮಾಡುವಾಗ ಕಂಡವು. ಒಂದು ಕಡೆ ಸಣ್ಣ ಕ್ಯಾಲೆಂಡರ್ ಇದೆ. ಹಾರಾಟದ ಒಂದೊಂದು ದಿನವನ್ನೂ ಹೊಡೆದು ಹಾಕಿದ್ದಾರೆ, ಭೂಮಿಗೆ ಮರಳಿ ಇಳಿಯುವ ದಿನವೊಂದನ್ನು ಬಿಟ್ಟು. ಅದನ್ನು ನೋಡಿದ ಮೇಲೆ ಯೋಚನೆಯೇ ಬೇಕಾಗಲಿಲ್ಲ. ನನ್ನ ಮಾಡೆಲ್ 1969ರ ಜುಲೈ 24ರದ್ದು, ಭೂಮಿಯ ವಾತಾವರಣಕ್ಕೆ ನುಗ್ಗುವ ಮೊದಲಿನದು. ಹೊರಗಿನ ಹೊಳೆಯುವ ಹಾಳೆ ಇನ್ನೂ ಸುಟ್ಟಿರುವುದಿಲ್ಲ, ಒಳಗೆ ಎಂಟು ದಿನದ ಬಳಕೆ ಇರುತ್ತದೆ. ಕ್ಯಾಲೆಂಡರ್ ಡೆಕಾಲ್ (ಅಂಟಿಸುವ ಮುದ್ರಿತ ಚಿತ್ರ) ಕೆಲವೇ ಮಿ.ಮೀ. ಬರುತ್ತದೆ. ಗೀಟುಗಳು ಉಳಿಯಲಿ ಅಂತ ಅವನ್ನೂ ಸ್ವಲ್ಪ ದಪ್ಪ ಮಾಡಿ ಬರೆದುಕೊಂಡಿದ್ದೇನೆ.

ಕೊನೆಗೆ ಡಿಸ್ಕಿ, ಅಂದರೆ ನೌಕೆಯ ಕಂಪ್ಯೂಟರ್‌ನ ಕೀಲಿಮಣೆ ಮತ್ತು ಪರದೆ. ನಿಜದಲ್ಲಿ ಸುಮಾರು 20 ಸೆಂ.ಮೀ. ಚೌಕ, ನನ್ನಲ್ಲಿ 6 ಮಿ.ಮೀ. ಚಿಲ್ಲರೆ. ಅದರ 19 ಕೀಲಿಗಳೂ ಬಂದಿವೆ, ಭೂತಗನ್ನಡಿ ಹಿಡಿದು ಎಣಿಸಿದೆ. ಹಸಿರು ಅಂಕಿಗಳ ಕಿಟಕಿಗೆ ಈಗ ಪಾರದರ್ಶಕ ರೆಸಿನ್ ಹಾಕಿ, ಹಿಂದೆ 1.0 × 0.5 ಮಿ.ಮೀ. ಗಾತ್ರದ ಹಸಿರು ಎಲ್‌ಇಡಿ ಕೂರಿಸಿದ್ದೇನೆ. ಬೆಳಕು ಚೆನ್ನಾಗಿ ಬರುತ್ತದೆ, ಅಂಕಿಗಳು ಮಾತ್ರ ಓದಲು ಸಿಗುವುದಿಲ್ಲ. ಆದರೆ ಎಆರ್ ಕನ್ನಡಕಗಳಿಗಾಗಿ (ಕಣ್ಣೆದುರಿನ ದೃಶ್ಯದ ಮೇಲೆ ಚಿತ್ರ ಮೂಡಿಸುವವು) ಮಾಡುವ ಮೈಕ್ರೋಎಲ್‌ಇಡಿ ಪರದೆಗಳಲ್ಲಿ ಪಿಕ್ಸೆಲ್ 4 ಮೈಕ್ರಾನ್‌ವರೆಗೂ (0.004 ಮಿ.ಮೀ.) ಇಳಿದಿದೆ. ಬರೀ ಹಸಿರು ಬಣ್ಣದವೂ ಇವೆ, ಬೆಳಗುವ ಭಾಗದ ಅಗಲ ಸುಮಾರು 2.5 ಮಿ.ಮೀ. ನನ್ನ ಕಿಟಕಿಗೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ನಿಜವಾದ ಅಂಕಿಗಳು ಓಡಬಹುದು! ಅದನ್ನು ನಡೆಸುವ ಚಿಪ್, ವೈರಿಂಗ್ ಎಲ್ಲ ಸದ್ಯಕ್ಕೆ ಹವ್ಯಾಸಿಗಳ ಕೈಗೆಟುಕುವ ಮಟ್ಟದಲ್ಲಿಲ್ಲ.

ಹಾಗಾಗಿ ಪ್ಯಾನೆಲನ್ನು ಅಂಟಿಸುತ್ತಿಲ್ಲ. ನಾಲ್ಕು ಮೂಲೆಗೆ 2 ಮಿ.ಮೀ. ಆಯಸ್ಕಾಂತ ಕೂರಿಸಿ, ಹಿಂದೆ 5 ಮಿ.ಮೀ. ಟೊಳ್ಳು ಜಾಗ ಬಿಟ್ಟಿದ್ದೇನೆ. ಬುಡದ ಶಾಖಕವಚದ ಒಳಗಿನಿಂದ ವೈರ್ ಹೋಗಲು ದಾರಿಯನ್ನೂ ಕೊರೆದಾಯಿತು. ಆ ಪರದೆ ಸಿಕ್ಕಿದ ದಿನ ಪ್ಯಾನೆಲ್ ಹೊರಗೆಳೆದು ಹಾಕಿದರೆ ಆಯಿತು. ಮುಂದಿನ ಸಲ ಸೀಟಿನ ಪಟ್ಟಿಗಳು ಮತ್ತು ಒಳಗೋಡೆಯ ಮೊದಲ ಕೋಟ್ ಬೂದು ಬಣ್ಣ.